ಸಿಂಧೂ ಜಲವಿವಾದ: ವಿಭಜನೋತ್ತರ ಭಾರತ–ಪಾಕಿಸ್ತಾನ ಸಂಬಂಧದ ಒಂದು ಮುಖ

ಭಾರತ ಮತ್ತು ಪಾಕಿಸ್ತಾನಗಳ ಪರಸ್ಪರ ಸಂಬಂಧವನ್ನು ಕುರಿತು ಬರೆದವರಲ್ಲಿ ಬಹುಮಂದಿ ಕಾಶ್ಮೀರದಿಂದ ಆರಂಭಿಸಿ ಕಾಶ್ಮೀರದಲ್ಲಿಯೇ ಮುಗಿಸುವುದುಂಟು. 1947ರ ಅಕ್ಟೋಬರಿನಲ್ಲಿ ಮೊದಲಾದ ಆ ಕಲಹದ ಮಹತ್ತ್ವವನ್ನು ನಾವು ಕಡಮೆಯೆಂದು ಎಣಿಸುವುದಿಲ್ಲ. ಆದರೆ ಎರಡು ರಾಷ್ಟ್ರಗಳ ನಡುವೆ ಅವಿಶ್ವಾಸವು ಬೇರೂರಿದ ಬಗೆಯನ್ನು ಅರಿಯಬೇಕಾದರೆ, ಸೈನ್ಯಗಳ ಚಲನವಲನವನ್ನು ಹಿಂಬಾಲಿಸುವುದಕ್ಕಿಂತ ಒಂದೇ ಮನೆಯ ಆಸ್ತಿಯನ್ನು ಪಾಲುಮಾಡಿದಾಗ ಹುಟ್ಟಿದ ವ್ಯಾಜ್ಯಗಳನ್ನು ಪರಿಶೀಲಿಸುವುದು ಲೇಸು. ಅವಿಭಕ್ತ ಭಾರತದ ನಗದು ಶಿಲ್ಕಿನಲ್ಲಿ ಪಾಕಿಸ್ತಾನಕ್ಕೆ ಸಲ್ಲಬೇಕಾಗಿದ್ದ 75 ಕೋಟಿ ರೂಪಾಯಿಗಳಲ್ಲಿ 55 ಕೋಟಿಯನ್ನು ತಡೆಹಿಡಿದುದೂ, 1948ರ ಜನವರಿಯಲ್ಲಿ ಗಾಂಧೀಜಿಯವರು ಉಪವಾಸವನ್ನು ಕೈಗೊಂಡ ಬಳಿಕ ಅದನ್ನು ಬಿಡುಗಡೆ ಮಾಡಿದುದೂ ಎಲ್ಲರಿಗೆ ತಿಳಿದ ಸಂಗತಿ. ಹಣವನ್ನು ಎಣಿಸಿ ಕೊಡಬಹುದು. ರೈಲುಗಾಡಿಗಳನ್ನೂ ಕಚೇರಿಯ ಮೇಜು ಕುರ್ಚಿಗಳನ್ನೂ ಪಟ್ಟಿಮಾಡಿ ಹಂಚಬಹುದು. ಹರಿಯುವ ನೀರನ್ನು ಹೀಗೆ ಹಂಚಲಾಗುವುದಿಲ್ಲ. ಸಿಂಧೂ ಮತ್ತು ಅದರ ಉಪನದಿಗಳ ನೀರಿಗಾಗಿ ನಡೆದ ವಿವಾದವನ್ನೂ, ಅದಕ್ಕೆ 1960ರಲ್ಲಿ ದೊರೆತ ಪರಿಹಾರವನ್ನೂ, ಆ ಪರಿಹಾರಕ್ಕೆ ಮುಂದೆ ಒದಗಿದ ಗತಿಯನ್ನೂ ಈ ಪ್ರಬಂಧದಲ್ಲಿ ವಿವೇಚಿಸಲು ನಾವು ಉದ್ದೇಶಿಸಿದ್ದೇವೆ.

ವೇದಕಾಲದ ವಿತಸ್ತಾ, ಅಸಿಕ್ನೀ, ಪರುಷ್ಣೀ, ವಿಪಾಶಾ, ಶುತುದ್ರೀ ನದಿಗಳೇ ಇಂದಿನ ಝೀಲಂ, ಚೀನಾಬ್, ರಾವಿ, ಬಿಯಾಸ್, ಸಟ್ಲೆಜ್ ಎಂಬುದನ್ನು ವಾಚಕರು ಬಲ್ಲರು. ಆದರೆ ವಿವಾದಕ್ಕೆ ಕಾರಣವಾದುದು ಈ ಪ್ರಾಚೀನ ನದಿಗಳಿಗಿಂತ ಹೆಚ್ಚಾಗಿ, ಅವುಗಳಿಂದ ಬ್ರಿಟಿಷರ ಕಾಲದಲ್ಲಿ ತೋಡಿದ ಕಾಲುವೆಗಳು. ರಾವಿಯ ದಂಡೆಯ ಮಾಧೋಪುರದಿಂದ ಹೊರಟ ಮೇಲಣ ಬಾರಿ ದೋಆಬ್ ಕಾಲುವೆಯು 1859ರ ವೇಳೆಗೆ ನೀರು ಹರಿಸತೊಡಗಿತು. ಕೆಳಗಣ ಚೀನಾಬ್ ಕಾಲುವೆಯು 1892ರಲ್ಲಿ ಆರಂಭವಾಗಿ, ಪಾಳುಬಿದ್ದಿದ್ದ ನೆಲದಲ್ಲಿ ಲಯಾಲಪುರದಂತಹ ನಗರವು ತಲೆಯೆತ್ತಲು ಕಾರಣವಾಯಿತು. 1905ರಿಂದ 1917ರ ವರೆಗೆ ನಡೆದ ಮೂರು ಕಾಲುವೆಗಳ ಯೋಜನೆಯಲ್ಲಿ ಝೀಲಮಿನ ನೀರನ್ನು ಚೀನಾಬಿಗೂ, ಚೀನಾಬಿನ ನೀರನ್ನು ರಾವಿಯ ಆಚೆಗೂ ಸಾಗಿಸಲಾಯಿತು. ಒಂದು ನದಿಯ ಕೊರತೆಯನ್ನು ಇನ್ನೊಂದರಿಂದ ತುಂಬುವ ಈ ಏರ್ಪಾಡಿನಲ್ಲಿ ಇಡೀ ಪಂಜಾಬು ಒಂದೇ ಯಂತ್ರದಂತೆ ಹೆಣೆದುಕೊಂಡಿತು. ಅದನ್ನು ಕಟ್ಟಿದವರು ಮುಂದೊಂದು ದಿನ ಅದರ ನಡುವೆ ಅಂತಾರಾಷ್ಟ್ರೀಯ ಗಡಿ ಹಾಯಬಹುದೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಹಾಗೆಂದು ವಿಭಜನೆಗೆ ಮುಂಚೆ ಈ ನೀರಿನ ವಿಷಯದಲ್ಲಿ ಜಗಳವೇ ಇರಲಿಲ್ಲವೆಂದು ತಿಳಿಯಲಾಗದು. ಮೇಲಿನ ಪಂಜಾಬಿಗೂ ಕೆಳಗಿನ ಸಿಂಧ್ ಪ್ರಾಂತಕ್ಕೂ ದೀರ್ಘಕಾಲದ ಮನಸ್ತಾಪವಿದ್ದಿತು. ಸಟ್ಲೆಜ್ ನದಿಗೆ ಭಾಕ್ರಾ ಎಂಬಲ್ಲಿ ಪಂಜಾಬು ಕಟ್ಟಲೆಳಸಿದ ಅಣೆಕಟ್ಟಿನಿಂದ ತನಗೆ ಹಾನಿಯಾಗುವುದೆಂದು ಸಿಂಧ್ ಸರಕಾರವು 1939ರಲ್ಲಿ ದೂರಿತು. ಇದರ ವಿಚಾರಣೆಗಾಗಿ 1941ರಲ್ಲಿ ನೇಮಕವಾದ ಆಯೋಗದ ಅಧ್ಯಕ್ಷರು ದಕ್ಷಿಣ ಕನ್ನಡ ಮೂಲದ ಬೆನೆಗಲ್ ನರಸಿಂಗ ರಾಯರು. ಮುಂದೆ ನಮ್ಮ ಸಂವಿಧಾನ ರಚನಾಸಭೆಗೆ ಸಲಹೆಗಾರರಾಗಿದ್ದುದರಿಂದ ರಾಯರ ಹೆಸರು ಪ್ರಸಿದ್ಧವಾಗಿದೆಯೇ ಹೊರತು, ಅವರು ಸಿಂಧೂ ಜಲಗಳನ್ನು ಕುರಿತು 1942ರಲ್ಲಿ ಒಪ್ಪಿಸಿದ ವರದಿಯನ್ನು ಇಂದು ಓದುವವರು ವಿರಳ. ನದಿಯು ಹರಿಯುವ ಪ್ರಾಂತಗಳಲ್ಲಿ ಯಾವುದೊಂದೂ ತನ್ನ ಎಲ್ಲೆಯೊಳಗಿನ ನೀರಿಗೆ ತಾನೇ ಒಡೆಯನೆಂದು ಮನಬಂದಂತೆ ವರ್ತಿಸತಕ್ಕುದಲ್ಲ. ಒಪ್ಪಂದವಿಲ್ಲದ ಕಡೆಯಲ್ಲಿ ಪ್ರತಿಯೊಂದು ಘಟಕಕ್ಕೂ ನ್ಯಾಯೋಚಿತವಾದ ಪಾಲು ಸಲ್ಲಬೇಕು. ಇದು ರಾಯರ ಸಿದ್ಧಾಂತದ ತಿರುಳು. 1892 ಮತ್ತು 1924ರ ಕಾವೇರಿ ಒಪ್ಪಂದಗಳ ಕಾಲದಿಂದ ಮೇಲಣ ರಾಜ್ಯ, ಕೆಳಗಣ ರಾಜ್ಯ ಎಂಬ ಮಾತುಗಳನ್ನು ಕೇಳುತ್ತ ಬಂದಿರುವ ಕನ್ನಡಿಗರಿಗೆ ಈ ಸಿದ್ಧಾಂತದ ತೊಡಕುಗಳನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ವರದಿಯನ್ನು ಪಂಜಾಬೂ ಒಪ್ಪಲಿಲ್ಲ, ಸಿಂಧೂ ಒಪ್ಪಲಿಲ್ಲ. ಮೇಲ್ಮನವಿಗಳು ಲಂಡನ್ನಿಗೆ ಹೋದವು. ತೀರ್ಮಾನ ಹೊರಡುವ ಮೊದಲೇ ದೇಶವು ಇಬ್ಭಾಗವಾಯಿತು.

ಗಡಿಯನ್ನು ಗುರುತಿಸುವ ಹೊಣೆ ಹೊತ್ತ ಸರ್ ಸಿರಿಲ್ ರ‍್ಯಾಡ್‌ಕ್ಲಿಫ್ ಭಾರತಕ್ಕೆ ಬಂದುದು 1947ರ ಜುಲೈ 8ರಂದು. ಅವರ ತೀರ್ಪು ಪ್ರಕಟವಾದುದು ಆಗಸ್ಟ್ 17ರಂದು. ಐದಾರು ವಾರಗಳಲ್ಲಿ ಅವರು ಎಳೆದ ಗೆರೆಯು ರಾವಿಯ ಮಾಧೋಪುರವನ್ನೂ ಸಟ್ಲೆಜ್ ದಂಡೆಯ ಫಿರೋಜಪುರವನ್ನೂ ಭಾರತಕ್ಕೆ ಸೇರಿಸಿತು. ಕಾಲುವೆಗಳಿಗೆ ನೀರನ್ನು ತಿರುಗಿಸುವ ಕಟ್ಟೆಗಳೂ ತೂಬುಗಳೂ ಈ ಎರಡು ಸ್ಥಳಗಳಲ್ಲಿ ಇದ್ದವು. ಆ ನೀರನ್ನು ಉಣ್ಣುವ ಹೊಲಗಳಲ್ಲಿ ಬಹುಭಾಗ ಪಾಕಿಸ್ತಾನದಲ್ಲಿ ಉಳಿದವು. ಫಿರೋಜಪುರದಿಂದ ಹೊರಡುವ ದೀಪಾಲಪುರ ಕಾಲುವೆಯ ಸ್ಥಿತಿಯಂತೂ ವಿಚಿತ್ರ: ಅದರ ಬಾಯಿ ಭಾರತದಲ್ಲಿ, ಉಳಿದ ಒಡಲೆಲ್ಲ ಪಾಕಿಸ್ತಾನದಲ್ಲಿ. ಆಗಸ್ಟ್ 8ರಂದು ಪಂಜಾಬಿನ ಗವರ್ನರಿಗೆ ಕಳುಹಿಸಿದ ಕರಡು ನಕ್ಷೆಯಲ್ಲಿ ಫಿರೋಜಪುರವು ಪಾಕಿಸ್ತಾನದ ಕಡೆಗಿದ್ದು ಅಂತಿಮ ತೀರ್ಪಿನಲ್ಲಿ ಬದಲಾಯಿತೆಂಬುದು ದೀರ್ಘ ಚರ್ಚೆಗೆ ಎಡೆಗೊಟ್ಟಿದೆ. ಬಿಕಾನೇರ್ ಸಂಸ್ಥಾನದ ಗಂಗ್ ಕಾಲುವೆಯೂ ಫಿರೋಜಪುರದಿಂದಲೇ ಹೊರಡುತ್ತಿದ್ದುದರಿಂದ ಆ ಸಂಸ್ಥಾನದ ಎಂಜಿನಿಯರ್ ಕನ್ವರ್ ಸೇನ್ ಮೌಂಟ್‌ಬ್ಯಾಟನ್ನರನ್ನು ಕಂಡು ಮೊರೆಯಿಟ್ಟ ಸಂಗತಿಯನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಈ ಮೊರೆಯೇ ಗೆರೆಯನ್ನು ಬದಲಿಸಿತೆಂದು ಸಾಧಿಸಲು ಬೇಕಾದ ಆಧಾರವಿದೆಯೆಂದು ನಮಗೆ ತೋರುವುದಿಲ್ಲ. ಆದರೆ ಗೆರೆಯು ಕೊನೆಯ ಗಳಿಗೆಯಲ್ಲಿ ಸರಿಯಿತೆಂಬ ಭಾವನೆಯು ಪಾಕಿಸ್ತಾನದಲ್ಲಿ ಆಳವಾಗಿ ನಿಂತಿತೆಂಬುದರಲ್ಲಿ ಸಂದೇಹವಿಲ್ಲ. ಕಾಲುವೆ, ರೈಲು, ವಿದ್ಯುತ್ತುಗಳಂತಹ ಒಟ್ಟು ವ್ಯವಸ್ಥೆಗಳನ್ನು ಎರಡು ರಾಜ್ಯಗಳು ಸೇರಿ ನಡೆಸಿಕೊಂಡಾವೆಂಬ ಆಶಯವನ್ನು ರ‍್ಯಾಡ್‌ಕ್ಲಿಫ್ ತಮ್ಮ ತೀರ್ಪಿನಲ್ಲಿಯೇ ಸೂಚಿಸಿದ್ದರು. ಲಕ್ಷಾಂತರ ಜನ ನೆಲೆ ತಪ್ಪಿ ಓಡುತ್ತಿದ್ದ ಆ ದಿನಗಳಲ್ಲಿ ಅಂತಹ ಆಶಯಕ್ಕೆ ಕಿವಿಗೊಡುವವರು ಯಾರಿದ್ದರು?

1947ರ ಡಿಸೆಂಬರ್ 20ರಂದು ಪೂರ್ವ ಮತ್ತು ಪಶ್ಚಿಮ ಪಂಜಾಬುಗಳ ಮುಖ್ಯ ಎಂಜಿನಿಯರರು ಒಂದು ತಾತ್ಕಾಲಿಕ ಕರಾರು ಮಾಡಿಕೊಂಡು, ನೀರಿನ ಹರಿವು ಹಿಂದಿದ್ದಂತೆಯೇ ಮುಂದುವರಿಯತಕ್ಕುದೆಂದು ಗೊತ್ತುಪಡಿಸಿದರು. ಅದರ ಅವಧಿ 1948ರ ಮಾರ್ಚ್ 31ಕ್ಕೆ ಕೊನೆಗೊಂಡಿತು. ಆಸ್ತಿಪಾಲಿನ ವ್ಯಾಜ್ಯಗಳನ್ನು ತೀರಿಸಲು ಸರ್ ಪ್ಯಾಟ್ರಿಕ್ ಸ್ಪೆನ್ಸ್‌ರವರ ಅಧ್ಯಕ್ಷತೆಯಲ್ಲಿದ್ದ ಪಂಚಾಯಿತಿ ನ್ಯಾಯಮಂಡಲಿಯ ಅವಧಿಯೂ ಅದೇ ದಿನ ಮುಗಿಯಿತು. ಮರುದಿನ, ಏಪ್ರಿಲ್ 1ರಂದು, ಪೂರ್ವ ಪಂಜಾಬು ದೀಪಾಲಪುರ ಕಾಲುವೆಗೂ ಮೇಲಣ ಬಾರಿ ದೋಆಬ್ ಕಾಲುವೆಯ ಗಡಿಯಾಚೆಯ ಕವಲುಗಳಿಗೂ ನೀರನ್ನು ನಿಲ್ಲಿಸಿತು. ಮುಂಗಾರು ಬೆಳೆಗೆ ನೆಲವನ್ನು ಹದಗೊಳಿಸಬೇಕಾದ ಕಾಲವದು. ಲಾಹೋರ್ ನಗರದ ನಡುವೆ ಹರಿಯುತ್ತಿದ್ದ ಕಾಲುವೆಯೂ ಬತ್ತಿತು.

ಈ ಒಂದು ಘಟನೆಯನ್ನು ಕುರಿತು ಬಂದಷ್ಟು ಭಿನ್ನ ವ್ಯಾಖ್ಯಾನಗಳು ವಿವಾದದ ಬೇರಾವ ಭಾಗವನ್ನು ಕುರಿತೂ ಬಂದಿಲ್ಲ. ಭಾರತದ ಪಕ್ಷದಲ್ಲಿ ಮುಖ್ಯ ಸಂಧಾನಕಾರರಾಗಿದ್ದ ನಿರಂಜನದಾಸ ಗುಲ್ಹಾಟಿಯವರು 1973ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕರಾರಿಲ್ಲದೆ ನೀರು ಬಿಡುತ್ತಹೋದರೆ ಪಶ್ಚಿಮ ಪಂಜಾಬಿಗೆ ಶಾಶ್ವತವಾದ ಹಕ್ಕು ಹುಟ್ಟಿಬಿಡುವುದೆಂಬ ಕಾನೂನಿನ ಅಂಜಿಕೆಯನ್ನು ಮುಂದಿಡುತ್ತಾರೆ. ಪಾಕಿಸ್ತಾನದ ಲೇಖಕರು ಇದನ್ನು ಕಾಶ್ಮೀರದಲ್ಲಿ ಆಗ ನಡೆಯುತ್ತಿದ್ದ ಯುದ್ಧದ ಇನ್ನೊಂದು ರಂಗವೆಂದೇ ಭಾವಿಸಿದರು. ನ್ಯಾಯಮಂಡಲಿಯು ಪಶ್ಚಿಮ ಪಂಜಾಬಿನ ಪಾಲಿಗೆ ಕಾಲುವೆಗಳ ಬೆಲೆ ಕಟ್ಟಿದಾಗ ಅವುಗಳಲ್ಲಿ ನೀರು ಎಂದಿನಂತೆ ಹರಿಯುವುದೆಂದೇ ಗ್ರಹಿಸಿತ್ತೆಂದು ಸ್ಪೆನ್ಸ್‌ರವರು ಮುಂದೆ ಬಹಿರಂಗವಾಗಿ ತಿಳಿಸಿದರು. ಈ ಮಾತು ಭಾರತದ ಪಕ್ಷಕ್ಕೆ ಅನುಕೂಲವಾದುದಲ್ಲ. ಆದರೂ ಅದನ್ನು ಮರೆಮಾಚುವುದು ಇತಿಹಾಸಕಾರನ ಕೆಲಸವಲ್ಲ. ಇನ್ನೊಂದು ಕಡೆಯಲ್ಲಿ, ಕಾಲುವೆ ಮುಚ್ಚುವ ನಿರ್ಧಾರವು ದೆಹಲಿಯಿಂದ ಬಂದುದಕ್ಕಿಂತ ಪೂರ್ವ ಪಂಜಾಬಿನಲ್ಲಿಯೇ ಹುಟ್ಟಿದುದೆಂಬುದನ್ನೂ, ನೆಹರೂರವರಿಗೆ ಅದು ಹಿಡಿಸಲಿಲ್ಲವೆಂಬುದನ್ನೂ ಗಮನಿಸಬೇಕು. ಆಗಿನ ಪೂರ್ವ ಪಂಜಾಬಿನ ಅವಸ್ಥೆ ಹೇಗಿತ್ತು? ನೀರಾವರಿಯಿಂದ ಸಮೃದ್ಧವಾದ ಪಶ್ಚಿಮದ ನೆಲವನ್ನು ಬಿಟ್ಟುಬಂದ ನಿರಾಶ್ರಿತ ರೈತರು ಅಲ್ಲಿ ತುಂಬಿದ್ದರು. ಅವರಿಗೆ ಕೊಡಲು ಇದ್ದ ನೆಲ ಒಣನೆಲ. ನದಿಯ ನೀರು ಕಣ್ಣೆದುರಿಗೇ ಗಡಿಯನ್ನು ದಾಟುತ್ತಿದ್ದಿತು. ಈ ಹಿನ್ನೆಲೆಯನ್ನು ಬಿಟ್ಟು ಏಪ್ರಿಲ್ 1ರ ಕಾರ್ಯವನ್ನು ಬರಿಯ ದ್ವೇಷವೆಂದಾಗಲಿ ಬರಿಯ ಕಾನೂನಿನ ಎಚ್ಚರಿಕೆಯೆಂದಾಗಲಿ ಹೇಳುವುದು ಅರ್ಧಸತ್ಯವಾಗುತ್ತದೆ. ಹಾಗಿದ್ದರೂ ಅದರ ಪರಿಣಾಮ ಮಾತ್ರ ನಿಸ್ಸಂಶಯವಾದುದು: ಮೇಲಿನವನ ಕೈಯಲ್ಲಿ ತೂಬು ಇದೆ, ಅವನು ಅದನ್ನು ಮುಚ್ಚಬಲ್ಲ ಎಂಬ ಭಯ ಪಾಕಿಸ್ತಾನದ ರಾಜಕೀಯ ಬುದ್ಧಿಯಿಂದ ಆಮೇಲೆ ಎಂದೂ ಅಳಿಯಲಿಲ್ಲ.

1948ರ ಮೇ 4ರಂದು ದೆಹಲಿಯಲ್ಲಿ ಸಹಿಯಾದ ಒಪ್ಪಂದದೊಂದಿಗೆ ನೀರು ಮತ್ತೆ ಹರಿಯಿತು. ಭಾರತದ ಪರವಾಗಿ ನೆಹರೂ, ಗಾಡ್ಗೀಳ್, ಸ್ವರಣ ಸಿಂಗ್ ಇವರೂ, ಪಾಕಿಸ್ತಾನದ ಪರವಾಗಿ ಗುಲಾಮ್ ಮುಹಮ್ಮದ್, ಶೌಕತ್ ಹಯಾತ್ ಖಾನ್, ಮುಮ್ತಾಜ್ ದೌಲ್ತಾನಾ ಇವರೂ ಸಹಿ ಹಾಕಿದರು. ಪಾಕಿಸ್ತಾನವು ಬೇರೆ ಮೂಲಗಳಿಂದ ನೀರು ಹೊಂದಿಸಿಕೊಳ್ಳಲು ಕಾಲಾವಕಾಶವಿತ್ತು ಪೂರ್ವ ಪಂಜಾಬು ಕ್ರಮಕ್ರಮವಾಗಿ ಹರಿವನ್ನು ಕಡಮೆ ಮಾಡುವುದೆಂದೂ, ವಿವಾದಗ್ರಸ್ತ ಹಣವನ್ನು ಪಾಕಿಸ್ತಾನವು ರಿಸರ್ವ್ ಬ್ಯಾಂಕಿನಲ್ಲಿ ಠೇವಣಿ ಇಡುವುದೆಂದೂ ಅದರ ಸಾರಾಂಶ. ಬಲಾತ್ಕಾರಕ್ಕೆ ಒಳಗಾಗಿ ತಾನು ಸಹಿ ಮಾಡಿದುದೆಂದು ಪಾಕಿಸ್ತಾನವು 1950ರಲ್ಲಿ ಆ ಒಪ್ಪಂದವನ್ನು ಅಲ್ಲಗಳೆಯಿತು. ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗೋಣವೆಂದು ಅದರ ವಾದ. ಇಬ್ಬರೂ ಕುಳಿತು ತೀರಿಸಿಕೊಳ್ಳೋಣವೆಂದು ಭಾರತದ ವಾದ.

ಈ ಬಿಕ್ಕಟ್ಟಿನಿಂದ ಹೊರಬರುವ ದಾರಿಯನ್ನು ತೋರಿದವರು ಅಮೆರಿಕದ ಡೇವಿಡ್ ಲಿಲಿಯಂತಾಲ್. ಟೆನ್ನೆಸೀ ಕಣಿವೆಯ ಅಭಿವೃದ್ಧಿ ಸಂಸ್ಥೆಯ ಮುಖ್ಯಸ್ಥರಾಗಿದ್ದ ಅವರು 1951ರ ಆರಂಭದಲ್ಲಿ ಎರಡು ದೇಶಗಳನ್ನೂ ಸಂದರ್ಶಿಸಿ, ಸಿಂಧೂ ಕಣಿವೆಯನ್ನು ಒಂದೇ ಘಟಕವಾಗಿ ಎರಡು ದೇಶಗಳೂ ಸೇರಿ ಬೆಳೆಸಬೇಕೆಂದು ಒಂದು ಅಮೆರಿಕನ್ ಪತ್ರಿಕೆಯಲ್ಲಿ ಬರೆದರು. ನೀರು ಕೊರತೆಯಿಲ್ಲ, ಬಹುಪಾಲು ಸಮುದ್ರಕ್ಕೆ ಹೋಗುತ್ತಿದೆ, ಆದುದರಿಂದ ಇದು ಎಂಜಿನಿಯರರು ಬಿಡಿಸಬಲ್ಲ ಗಂಟು ಎಂಬುದು ಅವರ ವಾದದ ಧಾಟಿ. ವಿಶ್ವಬ್ಯಾಂಕಿನ ಅಧ್ಯಕ್ಷ ಯೂಜೀನ್ ಬ್ಲ್ಯಾಕ್ ಈ ಸೂಚನೆಯನ್ನು ಎತ್ತಿಕೊಂಡು ಅದೇ ಸೆಪ್ಟೆಂಬರಿನಲ್ಲಿ ಇಬ್ಬರು ಪ್ರಧಾನಮಂತ್ರಿಗಳಿಗೂ ಪತ್ರ ಬರೆದರು. 1952ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಎಂಜಿನಿಯರರ ಸಭೆ ಸೇರಿತು. ಎದುರು ಬದುರಾಗಿ ಕುಳಿತವರಲ್ಲಿ ಹಲವರು ಐದು ವರ್ಷಗಳ ಹಿಂದೆ ಒಂದೇ ಪಂಜಾಬ್ ನೀರಾವರಿ ಇಲಾಖೆಯ ಸಹೋದ್ಯೋಗಿಗಳು. ಒಬ್ಬರ ಲೆಕ್ಕದ ಒಳಗುಟ್ಟು ಇನ್ನೊಬ್ಬರಿಗೆ ಗೊತ್ತಿತ್ತು. ಅದು ಸಂಧಾನಕ್ಕೆ ಅನುಕೂಲವೂ ಆಯಿತು, ಅಡ್ಡಿಯೂ ಆಯಿತು.

ಒಂದೂವರೆ ವರ್ಷದ ಲೆಕ್ಕಾಚಾರದ ಬಳಿಕವೂ ಒಟ್ಟು ಯೋಜನೆ ಸಿದ್ಧವಾಗಲಿಲ್ಲ. 1954ರ ಫೆಬ್ರವರಿ 5ರಂದು ಬ್ಯಾಂಕು ತಾನೇ ಒಂದು ಸಲಹೆಯನ್ನು ಮುಂದಿಟ್ಟಿತು: ಪೂರ್ವದ ಮೂರು ನದಿಗಳಾದ ರಾವಿ, ಬಿಯಾಸ್, ಸಟ್ಲೆಜ್‌ಗಳು ಭಾರತಕ್ಕೆ, ಪಶ್ಚಿಮದ ಸಿಂಧೂ, ಝೀಲಂ, ಚೀನಾಬ್‌ಗಳು ಪಾಕಿಸ್ತಾನಕ್ಕೆ. ಲಿಲಿಯಂತಾಲರ ಮೂಲ ಕಲ್ಪನೆಯಿಂದ ಇದು ಎಷ್ಟು ದೂರ ಸರಿಯಿತೆಂಬುದನ್ನು ಅನೇಕ ಲೇಖಕರು ಸಾಕಷ್ಟು ಒತ್ತಿ ಹೇಳಿಲ್ಲವೆಂದು ನಮ್ಮ ಅಭಿಪ್ರಾಯ. ಮೊದಲು ಉದ್ದೇಶಿಸಿದುದು ಸಹಯೋಗ. ಕೊನೆಗೆ ಕೈಗೂಡಿದುದು ವಿಭಾಗ. ರ‍್ಯಾಡ್‌ಕ್ಲಿಫ್ ನೆಲದ ಮೇಲೆ ಮಾಡಿದುದನ್ನು ಬ್ಯಾಂಕು ನೀರಿನಲ್ಲಿ ಪೂರ್ತಿಗೊಳಿಸಿತು. ಭಾರತವು ಬೇಗನೆ ಒಪ್ಪಿತು. ಪೂರ್ವದ ನದಿಗಳಿಂದ ಬೆಳೆದ ತನ್ನ ಹೊಲಗಳಿಗೆ ಪಶ್ಚಿಮದಿಂದ ನೀರು ತರುವ ವೆಚ್ಚ ಯಾರದೆಂಬುದೂ, ಜಲಾಶಯಗಳಿಲ್ಲದೆ ಆ ನೀರು ಸಾಲುವುದೇ ಎಂಬುದೂ ಪಾಕಿಸ್ತಾನದ ಪ್ರಶ್ನೆಗಳು. ಜಲಾಶಯಗಳು ಬೇಕೆಂಬುದನ್ನು ಬ್ಯಾಂಕು 1956ರಲ್ಲಿ ಒಪ್ಪಿಕೊಂಡಿತು. ಹಣದ ಪ್ರಶ್ನೆಯು ಇನ್ನೂ ನಾಲ್ಕು ವರ್ಷ ಎಳೆಯಿತು. 1958ರ ಅಕ್ಟೋಬರಿನಲ್ಲಿ ಅಯೂಬ್ ಖಾನ್ ಅಧಿಕಾರವನ್ನು ಕೈಗೆತ್ತಿಕೊಂಡುದು ಸಂಧಾನಕ್ಕೆ ವೇಗವನ್ನಿತ್ತಿತು. ಸಭೆಗೆ ಉತ್ತರ ಹೇಳಬೇಕಾಗಿಲ್ಲದ ಅಧಿಕಾರಿ ಬೇಗ ತೀರ್ಮಾನಿಸಬಲ್ಲನಷ್ಟೆ.

1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಮತ್ತು ಅಯೂಬ್ ಖಾನ್ ಒಡಂಬಡಿಕೆಗೆ ಸಹಿ ಹಾಕಿದರು. ಬ್ಯಾಂಕಿನ ಪರವಾಗಿ ವಿಲಿಯಂ ಇಲಿಫ್ ಸಹಿ ಮಾಡಿದರು. 12 ವಿಧಿಗಳೂ 8 ಅನುಬಂಧಗಳೂ ಉಳ್ಳ ಈ ದಸ್ತಾವೇಜಿನಲ್ಲಿ ಒಟ್ಟು ನೀರಿನ ಸುಮಾರು ನೂರಕ್ಕೆ 80ರಷ್ಟು ಪಾಕಿಸ್ತಾನದ ಪಾಲಾಯಿತು. ಪಶ್ಚಿಮದ ನದಿಗಳಲ್ಲಿ ಭಾರತಕ್ಕೆ ಗೃಹಬಳಕೆ, ಮಿತವಾದ ವ್ಯವಸಾಯ, ನಿಬಂಧನೆಗೊಳಪಟ್ಟ ಜಲವಿದ್ಯುತ್ತು, ಎಲ್ಲ ಸೇರಿ 36 ಲಕ್ಷ ಎಕರೆ–ಅಡಿಗಳ ಸಂಗ್ರಹ ಇಷ್ಟಕ್ಕೆ ಅನುಮತಿಯಿತ್ತು. ಪಾಕಿಸ್ತಾನದ ಹೊಸ ಕಾಲುವೆಗಳ ವೆಚ್ಚಕ್ಕಾಗಿ ಭಾರತವು 6,20,60,000 ಪೌಂಡುಗಳನ್ನು, ಎಂದರೆ ಅಂದಿನ ದರದಲ್ಲಿ ಸುಮಾರು 83 ಕೋಟಿ ರೂಪಾಯಿಗಳನ್ನು, ಹತ್ತು ಸಮ ಕಂತುಗಳಲ್ಲಿ ಕೊಡಲು ಒಪ್ಪಿತು. ಉಳಿದ ಹಣವನ್ನು ಅಮೆರಿಕ, ಬ್ರಿಟನ್, ಕೆನಡಾ, ಪಶ್ಚಿಮ ಜರ್ಮನಿ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳೂ ಬ್ಯಾಂಕೂ ಒದಗಿಸಿದವು. ಈ ಹಣದ ಹೊಳೆಯಿಲ್ಲದೆ ನೀರಿನ ಒಡಂಬಡಿಕೆ ಆಗುತ್ತಿರಲಿಲ್ಲವೆಂಬುದನ್ನು ಮರೆಯಬಾರದು. ಶೀತಲ ಸಮರದ ಆ ದಿನಗಳಲ್ಲಿ ಪಾಶ್ಚಾತ್ಯ ರಾಷ್ಟ್ರಗಳಿಗೆ ಉಪಖಂಡದ ಶಾಂತಿ ಬೆಲೆ ತೆತ್ತು ಕೊಳ್ಳಬಹುದಾದ ವಸ್ತುವಾಗಿ ಕಂಡಿತ್ತು.

ನವೆಂಬರಿನಲ್ಲಿ ಲೋಕಸಭೆಯಲ್ಲಿ ನಡೆದ ಚರ್ಚೆ ಕಟುವಾಗಿದ್ದಿತು. ನೀರನ್ನೂ ಕೊಟ್ಟು ಹಣವನ್ನೂ ಏಕೆ ಕೊಡಬೇಕೆಂಬುದು ಸದಸ್ಯರ ಆಕ್ಷೇಪ. ಪಾಕಿಸ್ತಾನದಲ್ಲಿ ಅಂತಹ ಚರ್ಚೆಗೆ ಸಭೆಯೇ ಇರಲಿಲ್ಲ. ಆದರೆ ಮೂರು ನದಿಗಳನ್ನು ಮಾರಿಬಿಟ್ಟರೆಂಬ ಆರೋಪ ಅಲ್ಲಿ ಮುಂದೆ ದಶಕಗಳ ಕಾಲ ಕೇಳಿಬಂದಿತು. ಎರಡು ಕಡೆಯವರೂ ತಾವೇ ಸೋತೆವೆಂದು ನಂಬಿದ ಒಡಂಬಡಿಕೆ ಅನ್ಯಾಯದ್ದಾಗಿರಲಾರದೆಂದು ಕೆಲವರು ಹೇಳುತ್ತಾರೆ. ಈ ತರ್ಕ ಚಮತ್ಕಾರವಾಗಿದೆ. ಆದರೆ ನೀರಿನ ಬದಲಿಗೆ ನೆಲೆಯನ್ನೇ ಕಳೆದುಕೊಂಡವರನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಝೀಲಂ ನದಿಗೆ 1967ರಲ್ಲಿ ಮುಗಿದ ಮಂಗಲಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಮೀರ್‌ಪುರ ಪಟ್ಟಣವೇ ಮುಳುಗಿತು. ಒಂದು ಲಕ್ಷಕ್ಕೂ ಮೀರಿದ ಜನ ನೆಲೆ ತಪ್ಪಿದರು. ಅವರಲ್ಲಿ ಅನೇಕರು ಬ್ರಿಟನ್ನಿಗೆ ವಲಸೆ ಹೋಗಿ ಅಲ್ಲಿಯ ಕೈಗಾರಿಕಾ ನಗರಗಳಲ್ಲಿ ಕೂಲಿಕಾರರಾದರು. ಜಮ್ಮು–ಕಾಶ್ಮೀರದ ಜನ ತಮ್ಮ ಮನೆಯ ಮುಂದೆ ಹರಿಯುವ ನೀರಿನ ಬಗೆಗೆ ಯಾರೂ ತಮ್ಮನ್ನು ಕೇಳಲಿಲ್ಲವೆಂದು ದೂರುತ್ತ ಬಂದರು. ಇನ್ನು ಹಂಚಿಕೊಂಡ ನೀರು ಮನೆಯೊಳಗೂ ಜಗಳವನ್ನು ತಂದಿತು. ಭಾರತದಲ್ಲಿ 1966ರ ಬಳಿಕ ಪಂಜಾಬು ಹರಿಯಾಣಾಗಳ ನಡುವೆ ರಾವಿ–ಬಿಯಾಸ್ ನೀರಿನ ವ್ಯಾಜ್ಯ ಬೆಳೆದು, 1982ರಲ್ಲಿ ಆರಂಭವಾದ ಸಟ್ಲೆಜ್–ಯಮುನಾ ಸಂಪರ್ಕ ಕಾಲುವೆ ರಕ್ತಪಾತಕ್ಕೂ ಕಾರಣವಾಯಿತು. ಪಾಕಿಸ್ತಾನದಲ್ಲಿ ಪಂಜಾಬು–ಸಿಂಧ್‌ಗಳ ಹಳೆಯ ಕಲಹ 1991ರ ಪ್ರಾಂತಗಳ ಒಪ್ಪಂದದ ಬಳಿಕವೂ ಆರಲಿಲ್ಲ. ನರಸಿಂಗ ರಾಯರು 1942ರಲ್ಲಿ ಎದುರಿಸಿದ ಪ್ರಶ್ನೆಗಳೇ ಎರಡು ದೇಶಗಳಲ್ಲಿಯೂ ಹೊಸ ವೇಷದಲ್ಲಿ ಮರಳಿಬಂದವು.

ಈ ನಡುವೆ ಒಂದು ವಿಚಿತ್ರವನ್ನು ಹೇಳಬೇಕು. 1948ರ ಅನುಭವದಿಂದ ಬೆದರಿದ ಪಾಕಿಸ್ತಾನವು ಭಾರತದ ತೂಬುಗಳ ಹಂಗಿಲ್ಲದೆ ಲಾಹೋರ್ ಸೀಮೆಗೆ ನೀರು ತರಲು ಬಂಬಾವಾಲಿ–ರಾವಿ–ಬೇದಿಯಾನ್ ಕಾಲುವೆಯನ್ನು ತೋಡಿತು. ನಮ್ಮ ಪತ್ರಿಕೆಗಳಲ್ಲಿ ಇಛೋಗಿಲ್ ಕಾಲುವೆಯೆಂದು ಪ್ರಸಿದ್ಧವಾದುದು ಇದೇ. 1965ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಲಾಹೋರಿನತ್ತ ಸಾಗಿದಾಗ ಅದನ್ನು ತಡೆದ ಕಂದಕವೂ ಅದೇ ಆಯಿತು. ಆ ಯುದ್ಧದ ಕಾಲದಲ್ಲಿಯೂ ಒಡಂಬಡಿಕೆಯ ಕಂತನ್ನು ಭಾರತವು ತಪ್ಪಿಸಲಿಲ್ಲ; 1971ರ ಯುದ್ಧವೂ ಒಡಂಬಡಿಕೆಯನ್ನು ಮುರಿಯಲಿಲ್ಲ. ಇದನ್ನು ಸ್ನೇಹದ ಸಾಕ್ಷಿಯೆಂದು ಕೊಂಡಾಡುವವರಿದ್ದಾರೆ. ನಾವು ಹಾಗೆ ಕಾಣೆವು. ಎರಡು ದೇಶಗಳೂ ಪ್ರತಿದಿನ ಕೂಡಿ ಮಾಡಬೇಕಾದ ಕೆಲಸವನ್ನು ಆ ದಸ್ತಾವೇಜು ಅತ್ಯಲ್ಪಕ್ಕೆ ಇಳಿಸಿತ್ತು. ಮಾತನಾಡದವರೂ ಪಾಲಿಸಬಹುದಾದ ಕರಾರು ಅದಾಗಿತ್ತು. ಅದರ ದೀರ್ಘಾಯುಸ್ಸಿಗೆ ಮುಖ್ಯ ಕಾರಣವನ್ನು ಇಲ್ಲಿಯೇ ಅರಸಬೇಕು.

ಮಾತನಾಡಲೇಬೇಕಾಗಿ ಬಂದುದು ಪಶ್ಚಿಮದ ನದಿಗಳಲ್ಲಿ ಭಾರತವು ವಿದ್ಯುದಾಗಾರಗಳನ್ನು ಕಟ್ಟತೊಡಗಿದಾಗ. ಚೀನಾಬಿನ ಸಲಾಲ್ ಯೋಜನೆಯ ಬಗೆಗಿನ ತಕರಾರು 1978ರ ಏಪ್ರಿಲಿನಲ್ಲಿ ಒಪ್ಪಂದದಿಂದ ಬಗೆಹರಿಯಿತು. ಅಣೆಕಟ್ಟಿನ ಎತ್ತರವನ್ನು ತಗ್ಗಿಸಿ, ತಳದ ತೂಬುಗಳನ್ನು ಮುಚ್ಚಲು ಭಾರತವು ಒಪ್ಪಿದುದರಿಂದ ಜಲಾಶಯದಲ್ಲಿ ಹೂಳು ತುಂಬಿತು. ಭಾರತದ ಎಂಜಿನಿಯರರು ಈ ಪಾಠವನ್ನು ಮರೆಯಲಿಲ್ಲ. ವೂಲರ್ ಸರೋವರದ ಕೆಳಗಿನ ತುಲ್‌ಬುಲ್ ಕಾಮಗಾರಿಯು ಪಾಕಿಸ್ತಾನದ ಆಕ್ಷೇಪದಿಂದ 1987ರಲ್ಲಿ ನಿಂತಿತು. ಬಗ್ಲಿಹಾರ್ ಯೋಜನೆಯನ್ನು ಕುರಿತು ತಟಸ್ಥ ತಜ್ಞರಾಗಿದ್ದ ಸ್ವಿಟ್ಜರ್ಲೆಂಡಿನ ರೇಮಂಡ್ ಲಾಫಿತ್ 2007ರಲ್ಲಿ ಕೊಟ್ಟ ತೀರ್ಪು ಕೆಲವು ಮಾರ್ಪಾಡುಗಳೊಡನೆ ಬಹುಮಟ್ಟಿಗೆ ಭಾರತದ ಪರವಾಗಿತ್ತು. ಹೂಳನ್ನು ತೆಗೆಯಲು ತಳದ ತೂಬುಗಳು ಬೇಕೆಂಬುದನ್ನು ಅದು ಮನ್ನಿಸಿತು. ಕಿಶನ್‌ಗಂಗಾ ವಿಷಯದಲ್ಲಿ 2013ರ ಮಧ್ಯಸ್ಥ ನ್ಯಾಯಾಲಯವು ನೀರು ತಿರುಗಿಸುವ ಭಾರತದ ಹಕ್ಕನ್ನು ಎತ್ತಿಹಿಡಿದರೂ, ಸೆಕೆಂಡಿಗೆ ಕನಿಷ್ಠ 9 ಘನ ಮೀಟರು ನೀರನ್ನು ಕೆಳಗೆ ಬಿಡಬೇಕೆಂದು ವಿಧಿಸಿ, ಹೂಳಿನ ವಿಷಯದಲ್ಲಿ ಲಾಫಿತ್‌ರಿಗಿಂತ ಬಿಗಿಯಾದ ನಿಲವನ್ನು ತಳೆಯಿತು. ತೂಬು ಎಷ್ಟು ಕೆಳಗಿರಬೇಕೆಂಬ ಈ ಚರ್ಚೆ ಹೊರಗಿನವರಿಗೆ ಕ್ಷುಲ್ಲಕವಾಗಿ ಕಾಣಬಹುದು. ಆದರೆ ಕೆಳಗಿನ ತೂಬು ಹೂಳನ್ನು ಹೊರದೂಡುವ ಸಾಧನವೂ ಹೌದು, ನೀರನ್ನು ಬೇಕೆಂದಾಗ ಹಿಡಿದು ಬಿಡುವ ಸಾಧನವೂ ಹೌದು. 1948ರ ಏಪ್ರಿಲಿನ ನೆನಪು ಪ್ರತಿಯೊಂದು ನಕ್ಷೆಯ ಮೇಲೂ ನೆರಳು ಚೆಲ್ಲಿತ್ತು.

2022ರಲ್ಲಿ ವಿಶ್ವಬ್ಯಾಂಕು ಕಿಶನ್‌ಗಂಗಾ ಮತ್ತು ರತ್ಲೆ ಯೋಜನೆಗಳನ್ನು ಕುರಿತು ಭಾರತದ ಕೋರಿಕೆಯಂತೆ ತಟಸ್ಥ ತಜ್ಞರನ್ನೂ, ಪಾಕಿಸ್ತಾನದ ಕೋರಿಕೆಯಂತೆ ಮಧ್ಯಸ್ಥ ನ್ಯಾಯಾಲಯವನ್ನೂ ಏಕಕಾಲದಲ್ಲಿ ನೇಮಿಸಿತು. ಒಂದೇ ವ್ಯಾಜ್ಯಕ್ಕೆ ಎರಡು ಪೀಠಗಳೆಂಬುದು ಒಡಂಬಡಿಕೆಯ ರಚಕರ ಉದ್ದೇಶವಾಗಿತ್ತೆಂದು ನಂಬುವುದು ಕಷ್ಟ. 2023ರ ಜನವರಿಯಲ್ಲಿ ಭಾರತವು ಒಡಂಬಡಿಕೆಯ ಮಾರ್ಪಾಡಿಗೆ ನೋಟೀಸು ನೀಡಿತು. 2025ರ ಏಪ್ರಿಲ್ 22ರಂದು ಪಹಲ್‌ಗಾಮ್‌ನಲ್ಲಿ ಪ್ರವಾಸಿಗಳ ಹತ್ಯೆ ನಡೆದ ಮರುದಿನ ಭಾರತವು ಒಡಂಬಡಿಕೆಯನ್ನು ಅಮಾನತಿನಲ್ಲಿಡುವುದಾಗಿ ಘೋಷಿಸಿತು. ಆ ಜೂನ್ ತಿಂಗಳಲ್ಲಿ ಮಧ್ಯಸ್ಥ ನ್ಯಾಯಾಲಯವು ತನ್ನ ಅಧಿಕಾರ ಇದರಿಂದ ಕುಂದುವುದಿಲ್ಲವೆಂದು ತೀರ್ಮಾನಿಸಿತು. ಆ ಪೀಠವನ್ನೇ ತಾನು ಮಾನ್ಯ ಮಾಡಿಲ್ಲವೆಂದು ಭಾರತವು ಉತ್ತರಿಸಿತು. ಎರಡು ದೇಶಗಳ ಜಲ ಆಯುಕ್ತರು ಅದಕ್ಕೆ ಮುನ್ನ 2022ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಸೇರಿದ್ದರು. ಅದು ಶಾಶ್ವತ ಸಿಂಧೂ ಆಯೋಗದ 118ನೆಯ ಸಭೆಯಾಗಿದ್ದಿತು.